ಸೋಲುವ ಹಕ್ಕನ್ನೂ ಕೊಡದವರು

ಬಾಕ್ಸಿಂಗ್ ಬಲ್ಲವರಿಗೆ ಒಂದು ಚಟ ಇದೆ. ಬೇರೆ ಬೇರೆ ಕಾಲದ ಜಟ್ಟಿಗಳನ್ನು ಮನಸ್ಸಿನ ಅಖಾಡಕ್ಕೆ ಇಳಿಸಿ, ಇವನೂ ಅವನೂ ಎದುರಾಗಿದ್ದರೆ ಯಾರು ಗೆಲ್ತಿದ್ದರು ಅಂತ ತೀರ್ಪು ಕೊಡುವ ಚಟ. ಜಾನ್ ಎಲ್. ಸಲಿವಾನ್ ಎದುರಿಗೆ ಮುಹಮ್ಮದ್ ಅಲಿ ನಿಂತಿದ್ದರೆ? ಕಾಫಿ ಆರುವವರೆಗೆ ಆಡಬಹುದಾದ ಮಾತು. ನಮಗೇನೂ ತಕರಾರಿಲ್ಲ. ಸಲಿವಾನ್ ಸತ್ತದ್ದು 1918ರಲ್ಲಿ, ಅಲಿ ಹುಟ್ಟಿದ್ದು 1942ರಲ್ಲಿ. ಅವರಿಬ್ಬರನ್ನು ದೂರ ಇಟ್ಟದ್ದು ಕಾಲ. ಕಾಲದ ಮೇಲೆ ಯಾರೂ ಕೇಸು ಹಾಕೋಕಾಗಲ್ಲ.

ಆದರೆ ಈ ಪಂಡಿತರು ಅದೇ ಉಸಿರಿನಲ್ಲಿ, ಅದೇ ನಗುವಿನಲ್ಲಿ ಇನ್ನೊಂದು ಬಗೆಯ ಜೋಡಿಗಳನ್ನೂ ಹೇಳ್ತಾರೆ. ಸಲಿವಾನ್ ಮತ್ತು ಪೀಟರ್ ಜಾಕ್ಸನ್ ಆಡಿದ್ದರೆ? ಜ್ಯಾಕ್ ಡೆಂಪ್ಸಿ ಮತ್ತು ಹ್ಯಾರಿ ವಿಲ್ಸ್ ಆಡಿದ್ದರೆ? ಇಲ್ಲಿ ನಾವು ಕೈ ಎತ್ತಿ ಆಟ ನಿಲ್ಲಿಸ್ತೀವಿ. ಇವರು ಬೇರೆ ಕಾಲದವರಲ್ಲ ಸ್ವಾಮಿ. ಒಂದೇ ಕಾಲದವರು. ಒಂದೇ ದೇಶದ ಅಖಾಡಗಳಲ್ಲಿ ಆಡಿದವರು. ಒಂದೇ ಪತ್ರಿಕೆಯ ಒಂದೇ ಪುಟದಲ್ಲಿ ಹೆಸರು ಬಂದವರು. ಇವರನ್ನು ದೂರ ಇಟ್ಟದ್ದು ಕಾಲ ಅಲ್ಲ, ಮನುಷ್ಯರು. ಹೆಸರು, ವಿಳಾಸ, ಬ್ಯಾಂಕ್ ಖಾತೆ ಎಲ್ಲಾ ಇದ್ದ ಮನುಷ್ಯರು. ಕಾಲ ತಪ್ಪಿಸಿದ ಪಂದ್ಯವನ್ನೂ ಮನುಷ್ಯ ತಪ್ಪಿಸಿದ ಪಂದ್ಯವನ್ನೂ ಒಂದೇ ಬುಟ್ಟಿಗೆ ಹಾಕಿ ಆಟ ಆಡುವುದು, ಕೊಲೆಯನ್ನು ಸಹಜ ಸಾವು ಅಂತ ಬರೆದುಕೊಂಡ ಹಾಗೆ.

ಲೆಕ್ಕ ಬಿಚ್ಚಿಡೋಣ.

ಜಾನ್ ಎಲ್. ಸಲಿವಾನ್ 1882ರಲ್ಲಿ ಪ್ಯಾಡಿ ರಯಾನ್‌ನನ್ನು ಹೊಡೆದು ಹೆವಿವೇಟ್ ಚಾಂಪಿಯನ್ ಆದ. 1889ರಲ್ಲಿ ಜೇಕ್ ಕಿಲ್ರೇನ್ ಜೊತೆ ಬರಿಗೈಯಲ್ಲಿ 75 ಸುತ್ತು ಆಡಿ ಗೆದ್ದ. ಯಾವ ಮಗನಾದರೂ ಬರಲಿ ಅನ್ನುವ ಧೋರಣೆಯ ಮನುಷ್ಯ. ಅದೇ ಹೊತ್ತಿಗೆ ಪೀಟರ್ ಜಾಕ್ಸನ್ ಇದ್ದ. ಕೆರಿಬಿಯನ್ ದ್ವೀಪ ಸೇಂಟ್ ಕ್ರೋಯಿಯಲ್ಲಿ 1861ರಲ್ಲಿ ಹುಟ್ಟಿ, ಆಸ್ಟ್ರೇಲಿಯಾ ಸೇರಿ, 1886ರಲ್ಲಿ ಅಲ್ಲಿನ ಚಾಂಪಿಯನ್ ಆದ ಕರಿಯ. 1888ರಲ್ಲಿ ಅಮೆರಿಕಕ್ಕೆ ಬಂದ. ಬಂದದ್ದೇ ಸಲಿವಾನ್‌ನನ್ನು ಹುಡುಕಿಕೊಂಡು. ಸಲಿವಾನ್ ಸಿಗಲಿಲ್ಲ. 1892ರಲ್ಲಿ ಸಲಿವಾನ್ ಲೋಕಕ್ಕೆಲ್ಲಾ ಒಂದು ಸವಾಲು ಹೊರಡಿಸಿದ: ಯಾರು ಮೊದಲು ಬರ್ತಾರೋ ಅವರಿಗೆ ಮೊದಲ ಅವಕಾಶ, ಆದರೆ ಬಂದವನು ಬಿಳಿಯನಾಗಿರಬೇಕು, ಕರಿಯನ ಜೊತೆ ತಾನು ಆಡುವುದಿಲ್ಲ ಅಂತ. ಲೋಕಕ್ಕೆಲ್ಲಾ ಸವಾಲು! ಆ ಲೋಕದಲ್ಲಿ ಯಾರು ಸೇರಿದ್ದರು, ಯಾರು ಸೇರಿರಲಿಲ್ಲ ಅನ್ನೋದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮೂರ ಡಂಗುರವೂ 'ಊರಿಗೆಲ್ಲಾ' ಅಂತಲೇ ಸಾರುತ್ತಿತ್ತು.

ಅಮೆರಿಕದವರು ಇದಕ್ಕೆ ಕಲರ್ ಲೈನ್ ಅಂತ ಚಂದದ ಹೆಸರು ಇಟ್ಟಿದ್ದರು. ಬಣ್ಣದ ಗೆರೆ. ಚಾಂಪಿಯನ್ ಆದವನು ಗೆರೆ ಎಳೀತಾನೆ, ಆಚೆ ನಿಂತವನು ಎಷ್ಟೇ ಗಟ್ಟಿಗನಾದರೂ ಈಚೆ ಬರುವಂತಿಲ್ಲ.

ಈಗ ಪಂಡಿತರು ಒಂದು ಮಾತು ಹೇಳ್ತಾರೆ. "ಅದು ಆ ಕಾಲದ ನಡವಳಿಕೆಯಪ್ಪಾ, ಇವತ್ತಿನ ತಕ್ಕಡಿಯಲ್ಲಿ ಅವರನ್ನು ತೂಗಬಾರದು." ಈ ಮಾತು ನಮಗೆ ಹೊಸದಲ್ಲ. ನಮ್ಮಜ್ಜಂದಿರ ಬೆನ್ನಿನ ಬರೆಗೂ ಇದೇ ಮುಲಾಮು ಸವರ್ತಾರೆ. ಸರಿ, ಇವತ್ತಿನ ತಕ್ಕಡಿ ಬೇಡ. ಆ ಕಾಲದ ತಕ್ಕಡಿಯಲ್ಲೇ ತೂಗೋಣ.

1891ರ ಮೇ 21ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೇಮ್ಸ್ ಕಾರ್ಬೆಟ್ ಅನ್ನುವ ಬಿಳಿಯ ಇದೇ ಪೀಟರ್ ಜಾಕ್ಸನ್ ಜೊತೆ 61 ಸುತ್ತು ಆಡಿದ. ಇಬ್ಬರಿಗೂ ಕೈ ಎತ್ತಲಾಗದಷ್ಟು ಸುಸ್ತಾಯಿತು. ಪಂದ್ಯಕ್ಕೆ ತೀರ್ಪೇ ಇಲ್ಲ ಅಂತ ಮುಗಿಸಿದರು. 1892ರ ಮೇ 30ರಂದು ಲಂಡನ್ನಿನಲ್ಲಿ ಫ್ರ್ಯಾಂಕ್ ಸ್ಲಾವಿನ್ ಅನ್ನುವ ಇನ್ನೊಬ್ಬ ಬಿಳಿಯ ಜಾಕ್ಸನ್ ಜೊತೆ ಆಡಿ 10ನೇ ಸುತ್ತಿನಲ್ಲಿ ಸೋತ. ಇವರಿಬ್ಬರೂ ಆ ಕಾಲದವರಲ್ಲವೇ? ಇವರ ಮೈ ಸುಟ್ಟುಹೋಯಿತೇ? ಜೇಮ್ಸ್ ಜೆಫ್ರಿಸ್‌ನನ್ನೇ ನೋಡಿ. ಚಾಂಪಿಯನ್ ಆಗುವ ಮೊದಲು ಕರಿಯರ ಜೊತೆ ಆಡಿದವನು. 1898ರಲ್ಲಿ, ವರ್ಷಗಟ್ಟಲೆ ದೊಡ್ಡ ಪಂದ್ಯ ಕಾಣದೆ ಬಸವಳಿದಿದ್ದ ಇದೇ ಪೀಟರ್ ಜಾಕ್ಸನ್‌ನನ್ನು 3 ಸುತ್ತಿನಲ್ಲಿ ಮುಗಿಸಿದವನು. ಮರುವರ್ಷ ಪಟ್ಟ ಸಿಕ್ಕಿತು. ಸಿಕ್ಕಿದ್ದೇ ತಡ, ಅವನಿಗೂ ಗೆರೆ ಕಾಣಿಸಿತು.

ಅಂದರೆ ಗೆರೆ ಇದ್ದದ್ದು ಮೈಯ ಮೇಲಲ್ಲ, ಪಟ್ಟದ ಸುತ್ತ. ಕೆಳಗೆ ಇರುವಾಗ ಮುಟ್ಟಬಹುದು, ಹೊಡೆಯಬಹುದು, ಹೊಡೆಸಿಕೊಳ್ಳಬಹುದು. ಮೇಲೆ ಹತ್ತಿದ ಮೇಲೆ ಮೈಲಿಗೆ. ಗದ್ದೆಯಲ್ಲಿ ನಾಟಿ ಮಾಡುವಾಗ ಮುಟ್ಟಬಹುದು, ಕಣದಲ್ಲಿ ಬತ್ತ ತೂರುವಾಗ ಮುಟ್ಟಬಹುದು, ಮೂಟೆ ಹೊರುವಾಗ ಮುಟ್ಟಬಹುದು. ಅದೇ ಬತ್ತ ಅಕ್ಕಿಯಾಗಿ ಅನ್ನವಾಗಿ ಎಲೆಗೆ ಬಿದ್ದ ಮೇಲೆ ನಮ್ಮ ನೆರಳೂ ಬೀಳಬಾರದು. ಓದುಗರು ಹಳ್ಳಿಯವರು, ನಾವು ಇದಕ್ಕಿಂತ ಹೆಚ್ಚು ಬಿಡಿಸಬೇಕಾಗಿಲ್ಲ.

ಆ ಕಾಲದ ಇನ್ನೊಂದು ಸಾಕ್ಷಿ. 1892ರ ಸೆಪ್ಟೆಂಬರ್ 6ರಂದು ನ್ಯೂ ಆರ್ಲಿಯನ್ಸ್‌ನ ಒಲಿಂಪಿಕ್ ಕ್ಲಬ್ಬಿನಲ್ಲಿ ಜಾರ್ಜ್ ಡಿಕ್ಸನ್ ಅನ್ನುವ ಕರಿಯ, ಕಡಿಮೆ ತೂಕದ ವರ್ಗದಲ್ಲಿ, ಜ್ಯಾಕ್ ಸ್ಕೆಲ್ಲಿ ಅನ್ನುವ ಬಿಳಿಯನನ್ನು ಎಲ್ಲರ ಕಣ್ಣೆದುರು ಕೆಡವಿದ. ಮರುದಿನ ಅದೇ ಕ್ಲಬ್ಬಿನಲ್ಲಿ ಸಲಿವಾನ್ 21ನೇ ಸುತ್ತಿನಲ್ಲಿ ಕಾರ್ಬೆಟ್‌ಗೆ ಸೋತು ಪಟ್ಟ ಕಳಕೊಂಡ. ಡಿಕ್ಸನ್ ಗೆದ್ದ ಮೇಲೆ ಆ ಕ್ಲಬ್ಬು ಮಾಡಿದ್ದೇನು? ಇನ್ನು ಮುಂದೆ ಕರಿಯ ಬಿಳಿಯರ ಪಂದ್ಯ ಇಲ್ಲಿ ಇಲ್ಲ ಅಂದಿತು. ಕರಿಯ ಸೋತಿದ್ದರೆ ಈ ಬಾಗಿಲು ಮುಚ್ಚುತ್ತಿತ್ತೇ? ಕಾರ್ಬೆಟ್ಟೂ ಅಷ್ಟೆ. 61 ಸುತ್ತು ಜಾಕ್ಸನ್‌ನ ಬೆವರಿನ ಜೊತೆ ತನ್ನ ಬೆವರು ಬೆರೆಸಿದವನು, ಪಟ್ಟ ಏರಿದ ಮೇಲೆ ಆ 62ನೇ ಸುತ್ತನ್ನು ಆಡಲೇ ಇಲ್ಲ. ಜಾಕ್ಸನ್ 1901ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಕ್ಷಯದಿಂದ ಸತ್ತ. ವಯಸ್ಸು 40.

ಆಮೇಲೆ ಬಂದವನು ಜ್ಯಾಕ್ ಜಾನ್ಸನ್. ಟೆಕ್ಸಸ್‌ನ ಗ್ಯಾಲ್ವೆಸ್ಟನ್ ಊರಿನಲ್ಲಿ 1878ರಲ್ಲಿ ಹುಟ್ಟಿದವನು. ಅಪ್ಪ ಅಮ್ಮ ಇಬ್ಬರೂ ಗುಲಾಮರಾಗಿದ್ದವರು. 1902ರಲ್ಲಿ ಜೆಫ್ರಿಸ್‌ನ ತಮ್ಮನನ್ನು 5ನೇ ಸುತ್ತಿನಲ್ಲಿ ಮಲಗಿಸಿದ. 1903ರಲ್ಲಿ 'ಕರಿಯರ ಹೆವಿವೇಟ್ ಚಾಂಪಿಯನ್' ಆದ. ಹೌದು, ಕರಿಯರಿಗೇ ಒಂದು ಬೇರೆ ಪಟ್ಟ. ಹೋಟೆಲಿನ ಹೊರಗೆ ಗೂಟಕ್ಕೆ ಸಿಕ್ಕಿಸಿದ ಬೇರೆ ಲೋಟ ಕಂಡವರಿಗೆ ಈ ಪಟ್ಟದ ಅರ್ಥ ತಿಳಿಯುತ್ತೆ. ಚಹಾ ಅದೇ, ಕಾಸೂ ಅದೇ, ಲೋಟ ಮಾತ್ರ ಬೇರೆ. ಒಳಗಿನ ಲೋಟ ಬೇಕು ಅಂತ ಜಾನ್ಸನ್ ಹಟ ಹಿಡಿದ. ಜೆಫ್ರಿಸ್ ಏನು ಮಾಡಿದ? ತನಗೆ ಸಮನಾದ ಎದುರಾಳಿಗಳೇ ಉಳಿದಿಲ್ಲ ಅಂತ 1905ರಲ್ಲಿ ನಿವೃತ್ತನಾದ. ಎದುರಾಳಿ ಉಳಿದಿಲ್ಲವಂತೆ! ಬಾಗಿಲಲ್ಲೇ ನಿಂತು ಕದ ತಟ್ಟುತ್ತಿದ್ದವನು ಅವನ ಕಣ್ಣಿಗೆ ಮನುಷ್ಯನ ಲೆಕ್ಕದಲ್ಲೇ ಇರಲಿಲ್ಲ.

ಮುಂದೆ ಪಟ್ಟ ಟಾಮಿ ಬರ್ನ್ಸ್‌ಗೆ ಬಂತು. ಜಾನ್ಸನ್ ಅವನ ಬೆನ್ನು ಹತ್ತಿ ಇಂಗ್ಲೆಂಡಿಗೆ ಹೋದ, ಆಸ್ಟ್ರೇಲಿಯಾಕ್ಕೆ ಹೋದ. ಕೊನೆಗೆ 1908ರ ಡಿಸೆಂಬರ್ 26ರಂದು ಸಿಡ್ನಿಯಲ್ಲಿ ಪಂದ್ಯ ನಡೆಯಿತು. ಬರ್ನ್ಸ್ ಬೇಡಿದ ಬೆಲೆ 30,000 ಡಾಲರ್, ಕೊಟ್ಟರು. ಜಾನ್ಸನ್‌ಗೆ 5,000. ಚಾಂಪಿಯನ್ ಅನ್ನಿಸಿಕೊಂಡವನು ಗೆರೆ ದಾಟಲು ಲಂಚ ಇಸ್ಕೊಂಡ. 14ನೇ ಸುತ್ತಿನಲ್ಲಿ ಪೊಲೀಸರು ನುಗ್ಗಿ ಆಟ ನಿಲ್ಲಿಸಿದರು. ಸಿನಿಮಾ ಕ್ಯಾಮೆರಾವನ್ನೂ ನಿಲ್ಲಿಸಿದರು. ಬಿಳಿಯ ಬೀಳುವುದು ಚಿತ್ರದಲ್ಲಿ ಉಳಿಯಬಾರದಲ್ಲ.

ಆಗ ಶುರುವಾಯಿತು ನೋಡಿ ಆ ಹಳೆಯ ಚಟ. "ಇವನು ಗೆದ್ದದ್ದು ಬರ್ನ್ಸ್‌ನನ್ನು. ನಮ್ಮ ಜೆಫ್ರಿಸ್ ಇದ್ದಿದ್ದರೆ?" ಪಂದ್ಯ ನೋಡಿ ಬರೆದ ಜ್ಯಾಕ್ ಲಂಡನ್, ಬಡವರ ಪರ, ಸಮಾಜವಾದಿ ಅಂತ ಹೆಸರಾದ ಲೇಖಕ, ಅವನೇ ಜೆಫ್ರಿಸ್‌ಗೆ ಎದ್ದು ಬಾ ಅಂತ ಕರೆ ಕೊಟ್ಟ. ಬಿಳಿಯರ ಮನಸ್ಸಿನಲ್ಲಿ ಜೆಫ್ರಿಸ್ ಆಗಲೇ ಗೆದ್ದಾಗಿತ್ತು. ನಡೆಯದ ಪಂದ್ಯದಲ್ಲಿ ಯಾವತ್ತೂ ಅವರೇ ಗೆಲ್ಲೋದು, ಯಾಕೆಂದರೆ ತೀರ್ಪು ಬರೆಯುವ ಪೆನ್ನು ಅವರದೇ. ಆದರೆ ಈ ಒಂದು ಪಂದ್ಯ ಕಲ್ಪನೆಯಿಂದ ಹೊರಗೆ ಬಂತು. 1910ರ ಜುಲೈ 4, ನೆವಾಡದ ರೀನೊ, 45 ಸುತ್ತಿನ ಕರಾರು. 15ನೇ ಸುತ್ತಿನಲ್ಲಿ ಜೆಫ್ರಿಸ್ ಮುಗಿದ. ಅವತ್ತು ರಾತ್ರಿ ಅಮೆರಿಕದ ಊರೂರುಗಳಲ್ಲಿ ಬಿಳಿಯರ ಗುಂಪುಗಳು ಕರಿಯರ ಮೇಲೆ ಬಿದ್ದವು. ಹೆಣಗಳು ಉರುಳಿದವು. ಆ ಪಂದ್ಯದ ಚಿತ್ರಕ್ಕೆ ಊರೂರಲ್ಲಿ ನಿಷೇಧ. 1912ರಲ್ಲಿ ಅಮೆರಿಕದ ಸಂಸತ್ತು, ಬಾಕ್ಸಿಂಗ್ ಚಿತ್ರಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಬಾರದು ಅಂತ ಕಾನೂನನ್ನೇ ಮಾಡಿತು. ಅದು ಹೋದದ್ದು 1940ರಲ್ಲಿ.

ಒಬ್ಬ ಕರಿಯ ನಿಜವಾಗಿ ಗೆದ್ದರೆ ಏನಾಗುತ್ತೆ ಅಂತ ಅವರಿಗೆ ಗೊತ್ತಾಯಿತು. ಅದಕ್ಕೇ ಮುಂದಿನ ಪಂದ್ಯಗಳನ್ನೆಲ್ಲಾ ಮತ್ತೆ ಕಲ್ಪನೆಗೆ ತಳ್ಳಿದರು. ಜಾನ್ಸನ್ ಮೇಲೆ ಬಿಳಿಯ ಹೆಂಗಸರ ನೆಪದಲ್ಲಿ ಮೊಕದ್ದಮೆ ಹೂಡಿದರು. 1913ರಲ್ಲಿ ಬಿಳಿಯರೇ ತುಂಬಿದ ಜ್ಯೂರಿ ಅವನನ್ನು ಅಪರಾಧಿ ಅಂದಿತು. ಒಂದು ವರ್ಷ ಒಂದು ದಿನದ ಸಜೆ. ದೇಶ ಬಿಟ್ಟ. 1915ರಲ್ಲಿ ಹವಾನಾದಲ್ಲಿ ಜೆಸ್ ವಿಲ್ಲಾರ್ಡ್‌ಗೆ 26ನೇ ಸುತ್ತಿನಲ್ಲಿ ಸೋತ. 1946ರಲ್ಲಿ ಸತ್ತ. ಅಮೆರಿಕದ ಅಧ್ಯಕ್ಷರು ಅವನಿಗೆ ಕ್ಷಮಾದಾನ ಕೊಟ್ಟದ್ದು 2018ರಲ್ಲಿ. ಯಾರು ಯಾರನ್ನು ಕ್ಷಮಿಸಬೇಕಾಗಿತ್ತು ಅಂತ ನಾವು ಕೇಳ್ತೀವಿ.

1915ರಿಂದ 1937ರವರೆಗೆ, 22 ವರ್ಷ, ಒಬ್ಬನೇ ಒಬ್ಬ ಕರಿಯನಿಗೂ ಹೆವಿವೇಟ್ ಪಟ್ಟಕ್ಕಾಗಿ ಆಡುವ ಅವಕಾಶ ಸಿಗಲಿಲ್ಲ. ಈ 22 ವರ್ಷದ ನಡುವೆ ಜ್ಯಾಕ್ ಡೆಂಪ್ಸಿಯ ಏಳು ವರ್ಷದ ದರ್ಬಾರು ಇದೆ. 1919ರಲ್ಲಿ ಗೆದ್ದ ಕೂಡಲೇ ಅವನು ಮಾಡಿದ ಘೋಷಣೆ, ಕರಿಯರ ಜೊತೆ ಆಡಲ್ಲ ಅಂತ. ನ್ಯೂ ಆರ್ಲಿಯನ್ಸ್‌ನ ಹ್ಯಾರಿ ವಿಲ್ಸ್ ವರ್ಷಗಟ್ಟಲೆ ಸಾಲಿನಲ್ಲಿ ನಿಂತ. ನ್ಯೂಯಾರ್ಕ್ ರಾಜ್ಯದ ಬಾಕ್ಸಿಂಗ್ ಆಯೋಗ ಮೊದಲ ಹಕ್ಕು ವಿಲ್ಸ್‌ನದು ಅಂದಿತು. 1925ರಲ್ಲಿ ಕರಾರಿಗೆ ಸಹಿಯೂ ಬಿತ್ತು. ದುಡ್ಡು ಹುಟ್ಟಲಿಲ್ಲ ಅಂತ ಪಂದ್ಯ ಮುರಿಯಿತು. 1923ರ ಸೆಪ್ಟೆಂಬರಿನಿಂದ 1926ರ ಸೆಪ್ಟೆಂಬರಿನವರೆಗೆ, ಮೂರು ವರ್ಷ, ಡೆಂಪ್ಸಿ ಪಟ್ಟಕ್ಕಾಗಿ ಯಾರ ಜೊತೆಗೂ ಆಡಲಿಲ್ಲ. ಖಾಲಿ ಕೂತರೂ ಸರಿ, ವಿಲ್ಸ್ ಬೇಡ. ಕೊನೆಗೆ ನ್ಯೂಯಾರ್ಕ್ ಬಿಟ್ಟು ಫಿಲಡೆಲ್ಫಿಯಾಕ್ಕೆ ಹೋಗಿ ಜೀನ್ ಟನ್ನಿ ಜೊತೆ ಆಡಿ ಸೋತ. ವಿಲ್ಸ್ ಹೊರಗೇ ಮುದುಕನಾದ.

"ವಿಲ್ಸ್ ಆಡಿದ್ದರೂ ಡೆಂಪ್ಸಿ ಮುಂದೆ ನಿಲ್ತಿರಲಿಲ್ಲ ಬಿಡಿ" ಅಂತಾರೆ ಪಂಡಿತರು. ಇರಬಹುದು. ಈ ಮಾತಿಗೆ ನಮ್ಮ ಉತ್ತರ ಏನು ಗೊತ್ತೇ? ವಿಲ್ಸ್ ಗೆಲ್ತಿದ್ದ ಅಂತ ನಾವು ಹೇಳೋದಿಲ್ಲ. ಪೀಟರ್ ಜಾಕ್ಸನ್ ಸಲಿವಾನ್‌ನನ್ನು ನೆಲಕ್ಕೆ ಕೆಡವ್ತಿದ್ದ ಅಂತಲೂ ಹೇಳೋದಿಲ್ಲ. ನಮಗೆ ಕಲ್ಪನೆಯ ಗೆಲುವಿನ ಭಿಕ್ಷೆ ಬೇಡ. ಸೋಲ್ತಿದ್ದರೇನೋ. ಸೋಲಲಿ! ಎಲ್ಲರ ಹಾಗೆ ಗಂಟೆ ಬಾರಿಸಿದ ಮೇಲೆ, ದೀಪದ ಬೆಳಕಿನಲ್ಲಿ, ಸಮನಾಗಿ ತೂಗಿದ ಕೈಗವಸು ಹಾಕಿಕೊಂಡು ಸೋಲಲಿ. ಅವರಿಂದ ಕಿತ್ತುಕೊಂಡದ್ದು ಬರೀ ಗೆಲುವಲ್ಲ, ಸೋಲುವ ಹಕ್ಕನ್ನೂ ಕಿತ್ತುಕೊಂಡರು. ಆಡಿ ಸೋತವನು ಮನೆಗೆ ಹೋಗಿ ನಿದ್ದೆ ಮಾಡ್ತಾನೆ. ಆಡಲು ಬಿಡದೆ ಸೋಲಿಸಿದವನಿಗೆ ಸಾಯುವವರೆಗೂ ನಿದ್ದೆ ಇಲ್ಲ. ಬಾಗಿಲು ಹಾಕಿ ಆಮೇಲೆ ಹೊರಗಿನವನ ಯೋಗ್ಯತೆಯ ಬಗ್ಗೆ ಭಾಷಣ ಮಾಡುವವರನ್ನು ನಮ್ಮ ಓದುಗರು ದಿನಾ ನೋಡ್ತಾರೆ. ಮೆರಿಟ್ ಅನ್ನುವ ಪದ ಅವರ ಬಾಯಲ್ಲಿ ಎಷ್ಟು ನುಣ್ಣಗೆ ಬರುತ್ತೆ!

ಇನ್ನು ಒಂದು ಕಹಿ ಮಾತು. ಇದನ್ನು ನುಂಗಿಕೊಂಡರೆ ನಾವೂ ಆ ಪಂಡಿತರ ಸಾಲಿಗೆ ಸೇರ್ತೀವಿ. ಜ್ಯಾಕ್ ಜಾನ್ಸನ್ ಒಳಗೆ ಹೋದ ಮೇಲೆ ಬಾಗಿಲನ್ನು ತೆರೆದಿಟ್ಟನೇ? ಇಲ್ಲ. ಕೆನಡಾದ ನೋವಾ ಸ್ಕೋಶಿಯಾದ ಸ್ಯಾಮ್ ಲ್ಯಾಂಗ್‌ಫರ್ಡ್, ಕುಳ್ಳ, ಅಗಲ ಎದೆಯ ಸಿಡಿಲು, ಹೊರಗೆ ನಿಂತಿದ್ದ. 1906ರಲ್ಲಿ ಇಬ್ಬರೂ 15 ಸುತ್ತು ಆಡಿದ್ದರು, ತೂಕದಲ್ಲಿ ಬಹಳ ಮುಂದಿದ್ದ ಜಾನ್ಸನ್ ಗೆದ್ದಿದ್ದ. ಚಾಂಪಿಯನ್ ಆದ ಮೇಲೆ ಲ್ಯಾಂಗ್‌ಫರ್ಡ್ ಎಷ್ಟು ಕರೆದರೂ ಜಾನ್ಸನ್ ಕಿವಿ ಕೊಡಲಿಲ್ಲ. ಜೋ ಜೆನೆಟ್‌ಗೂ ಇಲ್ಲ, ಸ್ಯಾಮ್ ಮೆಕ್‌ವೀಗೂ ಇಲ್ಲ. ಇಬ್ಬರು ಕರಿಯರ ಆಟಕ್ಕೆ ದುಡ್ಡು ಹುಟ್ಟಲ್ಲ ಅನ್ನೋದು ಅವನ ಲೆಕ್ಕ. ಪಟ್ಟ ಇಟ್ಟುಕೊಂಡಿದ್ದ ಆರು ವರ್ಷದಲ್ಲಿ ಅವನು ಪಣಕ್ಕಿಟ್ಟು ಆಡಿದ ಕರಿಯ ಒಬ್ಬನೇ, ಬ್ಯಾಟ್ಲಿಂಗ್ ಜಿಮ್ ಜಾನ್ಸನ್, 1913ರ ಡಿಸೆಂಬರಿನಲ್ಲಿ, ಪ್ಯಾರಿಸ್ಸಿನಲ್ಲಿ. ಅದು ಸಮನಾಯಿತು.

ಹೊರಗುಳಿದವರು ಏನು ಮಾಡಿದರು? ಒಬ್ಬರನ್ನೊಬ್ಬರು ಹೊಡೆದುಕೊಂಡರು. 1909ರಲ್ಲಿ ಪ್ಯಾರಿಸ್ಸಿನಲ್ಲಿ ಜೆನೆಟ್ ಮತ್ತು ಮೆಕ್‌ವೀ 49 ಸುತ್ತು ಆಡಿದರು. ಲ್ಯಾಂಗ್‌ಫರ್ಡ್ ಮತ್ತು ವಿಲ್ಸ್ ಹದಿನೈದಕ್ಕೂ ಹೆಚ್ಚು ಸಲ ಮುಖಾಮುಖಿಯಾದರು. ಬೇರೆ ಯಾರೂ ಇವರ ಜೊತೆ ಆಡಲು ಒಪ್ಪದೆ ಇವರೇ ಇವರ ಮೂಳೆ ಮುರಿದರು. ಲ್ಯಾಂಗ್‌ಫರ್ಡ್‌ನ ಕಣ್ಣು ಹೋಯಿತು. 1944ರಲ್ಲಿ ಒಬ್ಬ ಪತ್ರಕರ್ತ ಹುಡುಕಿದಾಗ ಅವನು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕುರುಡನಾಗಿ, ಬಡವನಾಗಿ ಕೂತಿದ್ದ.

ಜಾನ್ಸನ್‌ನನ್ನು ನಾವು ಗೌರವಿಸ್ತೀವಿ. ಪೂಜೆ ಮಾಡಲ್ಲ. ಮುಳ್ಳುಬೇಲಿ ಹಾರಿ ಒಳಗೆ ಹೋದವನು ಮೈಯ ರಕ್ತ ಒರೆಸಿಕೊಂಡು ಅದೇ ಬೇಲಿಗೆ ಕಾವಲು ನಿಂತರೆ, ಬೇಲಿ ಹಾಕಿದವನಿಗೆ ಅದಕ್ಕಿಂತ ದೊಡ್ಡ ಗೆಲುವು ಇನ್ನೊಂದಿಲ್ಲ. ಮನೆಯಲ್ಲಿ ಮೊದಲು ಡಿಗ್ರಿ ಕಂಡ ನಮಗೆ, ನಾಳೆ ಕುರ್ಚಿ ಕಾಣಲಿರುವ ನಮಗೆ, ಈ ಮಾತು ಬೇರೆ ಯಾರಿಗಿಂತ ಹೆಚ್ಚು ಬೇಕು.

ಗೆರೆ ಅಮೆರಿಕದ್ದು, ನಿಮಗ್ಯಾಕೆ ಅಂತ ಕೇಳುವವರಿಗೆ ಒಂದು ವರ್ಷ ತೋರಿಸ್ತೀವಿ. 1911. ಆ ವರ್ಷ ಜ್ಯಾಕ್ ಜಾನ್ಸನ್ ಲಂಡನ್ನಿನಲ್ಲಿದ್ದ. ಬ್ರಿಟಿಷ್ ಚಾಂಪಿಯನ್ ಬಿಲ್ಲಿ ವೆಲ್ಸ್ ಜೊತೆ ಅಕ್ಟೋಬರಿನಲ್ಲಿ ಪಂದ್ಯ ಗೊತ್ತಾಗಿತ್ತು. ಗೃಹಮಂತ್ರಿ ವಿನ್‌ಸ್ಟನ್ ಚರ್ಚಿಲ್ ಅದು ಕಾನೂನುಬಾಹಿರ ಅಂದ, ಪಂದ್ಯ ನಿಂತಿತು. ಅದೇ ವರ್ಷ ಅದೇ ಇಂಗ್ಲೆಂಡಿನಲ್ಲಿ ಭಾರತದ ಕ್ರಿಕೆಟ್ ತಂಡ ಆಡುತ್ತಿತ್ತು. ಆ ತಂಡದ ಬೆನ್ನೆಲುಬು ಪಲವಂಕರ್ ಬಾಲೂ, 1876ರಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದ ಚಮ್ಮಾರರ ಹುಡುಗ, ಪುಣೆಯ ಮೈದಾನಗಳಲ್ಲಿ ಪಿಚ್ಚು ಗುಡಿಸಿ ಬೌಲಿಂಗ್ ಕಲಿತವನು. ಆ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತ. ಪುಣೆಯಲ್ಲಿ ಜೊತೆಗೆ ಆಡುವ ಹಿಂದೂಗಳೇ ಅವನಿಗೆ ಚಹಾ ಕೊಡುತ್ತಿದ್ದದ್ದು ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ಮುಂಬಯಿಯ ಪಂದ್ಯಾವಳಿಯಲ್ಲಿ ಹಿಂದೂ ತಂಡಕ್ಕೆ ವರ್ಷಾನುವರ್ಷ ಗೆಲುವು ತಂದವನು ಅವನು, ನಾಯಕ ಯಾವತ್ತೂ ಬೇರೆಯವನು. ಚೆಂಡು ಅವನು ಮುಟ್ಟಬಹುದು, ಪಟ್ಟ ಮುಟ್ಟಬಾರದು. ಅವನ ತಮ್ಮ ವಿಠ್ಠಲ್ ನಾಯಕನಾದದ್ದು 1923ರಲ್ಲಿ. ಬಾಲೂ ನಾಯಕನಾಗಿದ್ದರೆ ಅಂತ ಇವತ್ತು ಊಹಿಸುವವರಿಗೂ ನಮ್ಮ ಪ್ರಶ್ನೆ ಅದೇ: ಊಹೆ ಆಮೇಲೆ, ಮೊದಲು ಹೇಳಿ, ತಡೆದವರು ಯಾರು?

ಕೊನೆಗೆ ಯಂತ್ರದ ಕತೆ. 1967ರಲ್ಲಿ ಅಮೆರಿಕದ ರೇಡಿಯೋ ನಿರ್ಮಾಪಕ ಮರ್ರಿ ವೊರೋನರ್ 16 ಹೆವಿವೇಟ್ ಚಾಂಪಿಯನ್ನರ ವಿವರ ಕಂಪ್ಯೂಟರಿಗೆ ಉಣಿಸಿ, ಎಲ್ಲಾ ಕಾಲದ ಜಟ್ಟಿಗಳ ಕಲ್ಪಿತ ಪಂದ್ಯಾವಳಿ ನಡೆಸಿದ. ಯಂತ್ರಕ್ಕೆ ಜಾತಿ ಇಲ್ಲ, ಬಣ್ಣ ಇಲ್ಲ ಅಂತೀರಲ್ಲ, ನೋಡಿ. ಪಟ್ಟ ಏರಿದವರದ್ದೇ ಪಟ್ಟಿ. ಪೀಟರ್ ಜಾಕ್ಸನ್ ಇಲ್ಲ, ಲ್ಯಾಂಗ್‌ಫರ್ಡ್ ಇಲ್ಲ, ವಿಲ್ಸ್ ಇಲ್ಲ. ಬದುಕಿನಲ್ಲಿ ಹಾಕಿದ ಬಾಗಿಲನ್ನು ಕಲ್ಪನೆಯಲ್ಲೂ ತೆರೆಯಲಿಲ್ಲ. ಆ ಹೊತ್ತಿಗೆ ವಿಯೆಟ್ನಾಂ ಯುದ್ಧಕ್ಕೆ ಹೋಗಲ್ಲ ಅಂದದ್ದಕ್ಕೆ ಮುಹಮ್ಮದ್ ಅಲಿಯ ಪಟ್ಟ ಕಿತ್ತುಕೊಂಡು ಅಖಾಡದಿಂದ ಹೊರಗಿಟ್ಟಿದ್ದರು. ನಿಜದ ಅಖಾಡದಲ್ಲಿ ಯಾರೂ ಸೋಲಿಸಿರದ ಆ ಅಲಿಯನ್ನು ಯಂತ್ರ ಸೋಲಿಸಿತು. ಯಾರ ಕೈಯಲ್ಲಿ? ಜಾನ್ಸನ್‌ಗೆ ಹೆದರಿ ಮನೆ ಸೇರಿದ ಅದೇ ಜೆಫ್ರಿಸ್ ಕೈಯಲ್ಲಿ! 1910ರಲ್ಲಿ ರೀನೊದ ಬಿಸಿಲಲ್ಲಿ ಬಿದ್ದವನನ್ನು 57 ವರ್ಷ ಆದ ಮೇಲೆ ಎಬ್ಬಿಸಿ ನಿಲ್ಲಿಸಿ ಗೆಲ್ಲಿಸಿದರು. ಅಲಿ 10 ಲಕ್ಷ ಡಾಲರಿನ ಕೇಸು ಹಾಕಿದ. ಕೊನೆಗೆ ರಾಜಿಯಾಗಿ ರಾಕಿ ಮಾರ್ಸಿಯಾನೊ ಜೊತೆ ಕ್ಯಾಮೆರಾ ಮುಂದೆ ನಾಟಕದ ಹೊಡೆದಾಟ ಆಡಿದ. 1970ರ ಜನವರಿಯಲ್ಲಿ ಅಮೆರಿಕದ ಥಿಯೇಟರುಗಳಲ್ಲಿ ತೋರಿಸಿದ ಚಿತ್ರದಲ್ಲಿ ಅಲಿ 13ನೇ ಸುತ್ತಿನಲ್ಲಿ ಮಲಗಿದ. ನಿಜವಾದ ಪಂದ್ಯ ಆಡಲು ಬಿಡದವರು ಸುಳ್ಳು ಪಂದ್ಯದಲ್ಲಿ ಸೋಲಿಸಿ ಟಿಕೆಟ್ ಮಾರಿದರು.

1937ರಲ್ಲಿ ಜೋ ಲೂಯಿಗೆ ಬಾಗಿಲು ತೆರೆಯಿತು ನಿಜ. ಆದರೆ ಹೊಸ್ತಿಲಲ್ಲಿ ಶರತ್ತು ಇತ್ತು. ಬಿದ್ದ ಬಿಳಿಯನ ಮುಂದೆ ಹಿಗ್ಗಬಾರದು, ಬಿಳಿಯ ಹೆಂಗಸಿನ ಜೊತೆ ಫೋಟೋದಲ್ಲಿ ನಿಲ್ಲಬಾರದು ಅಂತ ಅವನ ಕಡೆಯವರೇ ಪಾಠ ಹೇಳಿಕೊಟ್ಟಿದ್ದರು. ಗೆಲ್ಲು, ನಗಬೇಡ. ಬ್ರಿಟನ್ನಿನಲ್ಲಂತೂ ಕರಿಯನಿಗೆ ದೇಶದ ಪಟ್ಟಕ್ಕೆ ಆಡಲು 1948ರವರೆಗೆ ನಿಯಮವೇ ಬಿಡಲಿಲ್ಲ.

ಗೆಳೆಯರೆ, ಶಾಲೆಯಲ್ಲಿ ಪಾಠ ಹೇಳುವವರೆ, ಹಾಸ್ಟೆಲಿನಲ್ಲಿ ಓದುವವರೆ, ಇನ್ನು ಮೇಲೆ ಯಾರಾದರೂ "ಇವರಿಬ್ಬರೂ ಆಡಿದ್ದರೆ ಯಾರು ಗೆಲ್ತಿದ್ದರು" ಅಂತ ಕೇಳಿದರೆ ಉತ್ತರ ಕೊಡುವ ಅವಸರ ಬೇಡ. ಮೊದಲು ತಿರುಗಿ ಕೇಳಿ: ಇವರಿಬ್ಬರೂ ಒಂದೇ ಕಾಲದವರೇ? ಹೌದಾದರೆ, ಆಡಲಿಲ್ಲ ಯಾಕೆ? ಬೇಡ ಅಂದವನು ಯಾರು, ಬರ್ತೀನಿ ಅಂದವನು ಯಾರು? ಬೇಡ ಅಂದವನ ಹೆಸರಿನ ಮುಂದೆ ವಿಶ್ವ ಚಾಂಪಿಯನ್ ಅಂತ ಬರೆದಿದ್ದರೆ ಆ 'ವಿಶ್ವ' ಅನ್ನುವ ಪದವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ. ಸಲಿವಾನ್ ಬಿಳಿಯರ ಚಾಂಪಿಯನ್. ಡೆಂಪ್ಸಿ ಬಿಳಿಯರ ಚಾಂಪಿಯನ್. ಅಷ್ಟೇ ಬರೆಯಿರಿ. ಸುಳ್ಳೇನೂ ಅಲ್ಲ, ಅವಮಾನವೂ ಅಲ್ಲ. ಅವರು ಗೆದ್ದದ್ದು ಅಷ್ಟನ್ನೇ.

ಪೀಟರ್ ಜಾಕ್ಸನ್ ಹೆಸರಿನ ಮುಂದೆ ಏನು ಬರೆಯೋಣ? ಪಟ್ಟ ಬೇಡ. ಕರೆದಾಗಲೆಲ್ಲಾ ಬಂದವನು, ಅಂತ ಬರೆಯಿರಿ.